ಕಟ್ಟನ್ನು ಚೆಲ್ಲಬೇಡಿ: ಒಬ್ಬಟ್ಟಿನ ಸಾರಿನ ವಿಜ್ಞಾನ



ಯುಗಾದಿಯ ದಿನ ಮಧ್ಯಾಹ್ನ ಎಲೆಯ ಮುಂದೆ ಕುಳಿತಾಗ ನಮ್ಮೆಲ್ಲರ ಕಣ್ಣು ಮೊದಲು ಹೋಗುವುದು ಒಬ್ಬಟ್ಟಿನ ಕಡೆಗೆ. ಅದಕ್ಕೆ ಎಷ್ಟು ತುಪ್ಪ ಬಿತ್ತು, ಪಕ್ಕದವನ ಎಲೆಗೆ ಎಷ್ಟು ಬಿತ್ತು ಎಂಬುದೇ ಆಗ ನಮ್ಮ ಚಿಂತೆ. ಅನ್ನದ ಜೊತೆಗೆ ಬರುವ ಸಾರಿನ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ರಾತ್ರಿಯ ಊಟಕ್ಕೆ ಒಬ್ಬಟ್ಟು ಬೇಡವೆನ್ನುವವರೂ ಆ ಸಾರನ್ನು ಇನ್ನೊಂದು ಸೌಟು ಕೇಳಿ ಹಾಕಿಸಿಕೊಳ್ಳುತ್ತಾರೆ. ಇವತ್ತು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ಒಬ್ಬಟ್ಟಿನ ಸಾರಿನ ಬಗ್ಗೆ. ಅದನ್ನು ಮಾಡುವುದು ಹೇಗೆ ಎಂದು ಹೇಳುತ್ತೇನೆ. ಹಾಗೇಕೆ ಮಾಡಬೇಕು ಎಂಬುದನ್ನೂ ಹೇಳುತ್ತೇನೆ.

ಈ ವಿಷಯವನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಹಬ್ಬದ ಅಡುಗೆಯ ಒಂದು ಕಾರ್ಯಕ್ರಮವನ್ನು ನಾನು ನಿರ್ಮಿಸಿದ್ದೆ. ಒಬ್ಬ ಹಿರಿಯ ಗೃಹಿಣಿ ಸ್ಟುಡಿಯೋಕ್ಕೆ ಬಂದು ಒಬ್ಬಟ್ಟು ಮಾಡಿ ತೋರಿಸಿದರು. ಬೇಳೆ ಬೆಂದ ಮೇಲೆ ನೀರು ಬಸಿಯುವ ಘಟ್ಟ ಬಂತು. ಜರಡಿಯ ಮೇಲೆ ಬೇಳೆ ಸುರಿದು, ಹಬೆ ಮೇಲೇಳುವುದು ಕ್ಯಾಮೆರಾಕ್ಕೆ ಚೆನ್ನಾಗಿ ಕಾಣಲೆಂದು ಅದನ್ನು ನೇರವಾಗಿ ತೊಟ್ಟಿಯ ಮೇಲೆ ಬಸಿಯಲು ನಾನೇ ಸೂಚನೆ ಕೊಟ್ಟೆ. ಆಕೆ ಒಂದು ಕ್ಷಣ ತಡೆದರು, ಮತ್ತೆ ನಾನು ಹೇಳಿದಂತೆ ಮಾಡಿದರು. ಚಿತ್ರೀಕರಣ ಮುಗಿದ ಮೇಲೆ, ಹಾಗಾದರೆ ಇವತ್ತು ಸಾರು ಇಲ್ಲ ಎಂದಷ್ಟೇ ಹೇಳಿ ಸೆರಗಿನಿಂದ ಕೈ ಒರೆಸಿಕೊಂಡರು. ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಕಾರ್ಯಕ್ರಮ ಪ್ರಸಾರವಾದ ಮೇಲೆ ಒಬ್ಬ ಕಾಲೇಜು ವಿದ್ಯಾರ್ಥಿನಿಯಿಂದ ಪತ್ರ ಬಂತು. ಆಕೆ ನಮ್ಮ ಕಾರ್ಯಕ್ರಮ ನೋಡಿ ಮೊದಲ ಸಲ ತಾನೇ ಒಬ್ಬಟ್ಟು ಮಾಡಿದಳಂತೆ. ತೆರೆಯ ಮೇಲೆ ಕಂಡಂತೆಯೇ ಬೇಳೆಯ ನೀರನ್ನು ಮೋರಿಗೆ ಸುರಿದಳಂತೆ. ಊಟದ ಹೊತ್ತಿಗೆ ಅವಳ ಅಜ್ಜಿ ಸಾರಿಗಾಗಿ ಕಟ್ಟನ್ನು ಕೇಳಿದಾಗ ಅದು ಇರಲಿಲ್ಲ. ದೂರದರ್ಶನದಲ್ಲಿ ಹೀಗೇ ತೋರಿಸಿದರು ಎಂದಳಂತೆ. ಮನೆಯಲ್ಲಿ ಅರವತ್ತು ವರ್ಷ ನಡೆದು ಬಂದ ಪದ್ಧತಿ ತಪ್ಪೆಂದೂ, ತೆರೆಯ ಮೇಲೆ ಕಂಡದ್ದು ಸರಿಯೆಂದೂ ಆ ಹುಡುಗಿ ನಂಬಿದ್ದಳು. ಹಾಗೆ ನಂಬಿಸಿದವನು ನಾನು. ನಾನು ವಿಜ್ಞಾನದ ಪದವೀಧರ ಬೇರೆ! ಆ ತಪ್ಪಿನ ತಿದ್ದುಪಡಿ ಎಂದೇ ನೀವು ಈ ಮಾತುಗಳನ್ನು ತಿಳಿಯಬಹುದು.

ಮೊದಲು 'ಕಟ್ಟು' ಎಂದರೇನು ಎಂಬುದನ್ನು ನೋಡೋಣ. ಒಬ್ಬಟ್ಟಿನ ಹೂರಣಕ್ಕೆ ಬೇಳೆಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿಯುತ್ತಾರೆ. ಬಸಿದ ಬೇಳೆ ಬೆಲ್ಲದೊಡನೆ ಸೇರಿ ಹೂರಣವಾಗುತ್ತದೆ. ಕೆಳಗೆ ಉಳಿಯುವ ಹಳದಿ ಬಣ್ಣದ, ತುಸು ಮಂದವಾದ ನೀರೇ ಕಟ್ಟು. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಹೂರಣಕ್ಕೆ ಹೆಚ್ಚಾಗಿ ತೊಗರಿಬೇಳೆ. ಉತ್ತರ ಕರ್ನಾಟಕದಲ್ಲಿ ಹೆಚ್ಚಾಗಿ ಕಡಲೆಬೇಳೆ. ಅಲ್ಲಿ ಇದಕ್ಕೆ ಹೋಳಿಗೆ ಸಾರು, ಕಟ್ಟಿನ ಸಾರು ಎಂಬ ಹೆಸರುಗಳಿವೆ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಪೂರಣಪೋಳಿಯ ಜೊತೆಗೆ 'ಕಟಾಚಿ ಆಮ್ಟಿ' ಬಡಿಸುತ್ತಾರೆ. ಆಂಧ್ರದವರಲ್ಲಿ 'ಕಟ್ಟು ಚಾರು' ಇದೆ. ಭಾಷೆ ಬದಲಾದರೂ ಬಸಿದ ನೀರನ್ನು ಚೆಲ್ಲಬಾರದು ಎಂಬ ತಿಳುವಳಿಕೆ ಬದಲಾಗಿಲ್ಲ.

ಆ ನೀರಿನಲ್ಲಿ ಅಂಥದ್ದೇನಿದೆ? 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಭಾಗ ಪಿಷ್ಟ ಮೊದಲಾದ ಕಾರ್ಬೋಹೈಡ್ರೇಟುಗಳು. ಬೇಯುವಾಗ ಬೇಳೆಯ ಅಂಚುಗಳು ಒಡೆದು ಪಿಷ್ಟದ ಒಂದು ಪಾಲು ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಕರಗುವ ಪ್ರೋಟೀನುಗಳೂ ಇಳಿಯುತ್ತವೆ. ಬೇಳೆ ಕುದಿಯುವಾಗ ನೊರೆ ಉಕ್ಕಿ ಬರುವುದನ್ನು ನೀವು ಕಂಡಿದ್ದೀರಿ. ಆ ನೊರೆಗೆ ಕಾರಣ ಈ ಪ್ರೋಟೀನುಗಳು ಮತ್ತು ಸಾಬೂನಿನ ಗುಣವುಳ್ಳ ಸಪೋನಿನ್ ಎಂಬ ಪದಾರ್ಥಗಳು. ಒಂದು ಚಮಚ ಎಣ್ಣೆ ಬಿಟ್ಟರೆ ನೊರೆ ಅಡಗುತ್ತದೆ. ನೊರೆಯ ಗುಳ್ಳೆಗಳ ತೆಳು ಪೊರೆಯನ್ನು ಎಣ್ಣೆ ಒಡೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಣ್ಣಿಗೆ ಕಾಣುವುದಿಲ್ಲ. ಥಯಮಿನ್, ಫೋಲೇಟ್ ಮೊದಲಾದ 'ಬಿ' ಗುಂಪಿನ ಜೀವಸತ್ವಗಳು ನೀರಿನಲ್ಲಿ ಕರಗುವಂಥವು. ಪೊಟಾಸಿಯಂ ಲವಣಗಳೂ ಹಾಗೆಯೇ. ಬೇಳೆಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದಾಗ ಇವುಗಳಲ್ಲಿ ಒಂದು ಪಾಲು ನೀರಿನೊಡನೆ ಹೊರಟುಹೋಗುತ್ತದೆ. ನೀರನ್ನು ಮೋರಿಗೆ ಸುರಿದರೆ ಅವೂ ಮೋರಿಯ ಪಾಲು. ಅದೇ ನೀರು ಸಾರಾದರೆ ಬೇಳೆಯಿಂದ ಹೊರಟದ್ದು ಅದೇ ಊಟದಲ್ಲಿ, ಅದೇ ಎಲೆಗೆ ಮರಳಿ ಬರುತ್ತದೆ. ನಮ್ಮ ಅಜ್ಜಿಯರಿಗೆ ಜೀವಸತ್ವ ಎಂಬ ಶಬ್ದ ಗೊತ್ತಿರಲಿಲ್ಲ. ಆದರೆ ಬೇಳೆಯ ಸಾರವೆಲ್ಲ ಎಲ್ಲಿಗೆ ಹೋಯಿತು ಎಂಬುದು ಗೊತ್ತಿತ್ತು.

ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿ, ಪರೀಕ್ಷಿಸಿ ನೋಡಿ. ಸ್ವಲ್ಪ ಕಟ್ಟನ್ನು ಪೂರ್ತಿ ಆರಿಸಿ, ನೀರು ಬೆರೆಸಿ ತೆಳ್ಳಗೆ ಮಾಡಿ, ಶಾಲೆಯ ಪ್ರಯೋಗಶಾಲೆಯ ಅಯೊಡಿನ್ ದ್ರಾವಣವನ್ನು ಒಂದು ಹನಿ ಹಾಕಿ. ಕಡು ನೀಲಿ ಬಣ್ಣ ಬಂದರೆ ಪಿಷ್ಟ ಇದೆ ಎಂದು ಅರ್ಥ. ಬಿಸಿ ಕಟ್ಟಿನಲ್ಲಿ ಈ ಬಣ್ಣ ನಿಲ್ಲುವುದಿಲ್ಲ, ಆದ್ದರಿಂದ ಆರಿಸುವುದು ಅಗತ್ಯ. ಇನ್ನೊಂದು ಪರೀಕ್ಷೆ: ಒಂದು ಸ್ಟೀಲ್ ತಟ್ಟೆಯನ್ನು ತೂಗಿ, ಅದರಲ್ಲಿ 100 ಮಿಲಿಲೀಟರ್ ಕಟ್ಟು ಹಾಕಿ, ಸಣ್ಣ ಉರಿಯಲ್ಲಿ ಸೀಯದಂತೆ ಒಣಗಿಸಿ, ಮತ್ತೆ ತೂಗಿ. ತಟ್ಟೆಗೆ ಅಂಟಿದ ಹಳದಿ ಪೊರೆಯ ತೂಕವನ್ನು ಬರೆದಿಟ್ಟುಕೊಳ್ಳಿ. ನಾನು ಸ್ಟುಡಿಯೋದ ತೊಟ್ಟಿಗೆ ಸುರಿಸಿದ್ದು ಏನನ್ನು ಎಂದು ಅದು ಹೇಳುತ್ತದೆ. ಅಯೊಡಿನ್ ತಾಗಿದ್ದನ್ನು ಮಾತ್ರ ಬಾಯಿಗೆ ಹಾಕಬಾರದು.

ಈಗ ಅಡುಗೆಗೆ ಬರೋಣ. ಐದಾರು ಜನರ ಊಟಕ್ಕೆ ಬೇಕಾಗುವ ಸಾಮಗ್ರಿಯನ್ನು ಬರೆದುಕೊಳ್ಳಿ. ತೊಗರಿಬೇಳೆ 200 ಗ್ರಾಂ, ಅಂದರೆ ಸುಮಾರು ಒಂದು ಲೋಟ, ನೀರು 6 ಲೋಟ, ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ 5, ಖಾರ ಬೇಕಾದವರಿಗೆ ಗುಂಟೂರು ಮೆಣಸಿನಕಾಯಿ 2, ಧನಿಯ 2 ಚಮಚ, ಜೀರಿಗೆ 1 ಚಮಚ, ಕಾಳುಮೆಣಸು ಅರ್ಧ ಚಮಚ, ಮೆಂತ್ಯ ಕಾಲು ಚಮಚ, ಚಕ್ಕೆ ಒಂದು ಸಣ್ಣ ಚೂರು, ಲವಂಗ 2, ತೆಂಗಿನ ತುರಿ ಅರ್ಧ ಲೋಟ, ತಯಾರಾದ ಹೂರಣ 2 ದೊಡ್ಡ ಚಮಚ, ಅರಿಸಿನ, ಉಪ್ಪು. ಒಗ್ಗರಣೆಗೆ ತುಪ್ಪ, ಸಾಸಿವೆ, ಇಂಗು, ಕರಿಬೇವು. ಕೆಲವು ಮನೆಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನು ಹುರಿದು ಮಸಾಲೆಗೆ ಸೇರಿಸುತ್ತಾರೆ. ಕೆಲವು ಮನೆಗಳಲ್ಲಿ ಹಬ್ಬದ ದಿನ ಅವನ್ನು ಮುಟ್ಟುವುದಿಲ್ಲ. ಎರಡೂ ಸರಿಯೇ.

ಬೇಳೆಯನ್ನು ತೊಳೆದು, ಕುದಿಯುವ ನೀರಿಗೆ ಹಾಕಿ, ಚಿಟಿಕೆ ಅರಿಸಿನ ಮತ್ತು ಒಂದು ಚಮಚ ಎಣ್ಣೆ ಬಿಡಿ. ತೆರೆದ ಪಾತ್ರೆಯಲ್ಲಿ ಬೇಯಿಸಿ, ಕುಕ್ಕರಿನಲ್ಲಿ ಬೇಡ. ಏಕೆ? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಕುಕ್ಕರಿನ ಒಳಗೆ ಒತ್ತಡ ಹೆಚ್ಚಿ ಉಷ್ಣತೆ 120 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಅಲ್ಲಿ ಬೇಳೆ ಬೇಗ ಬೇಯುತ್ತದೆ ನಿಜ, ಆದರೆ ಕರಗಿ ಗಂಜಿಯಾಗುತ್ತದೆ. ಆಮೇಲೆ ಬೇಳೆ ಯಾವುದು, ಕಟ್ಟು ಯಾವುದು ಎಂದು ಬೇರ್ಪಡಿಸಲಾಗದು. ನೀರಾದ ಹೂರಣದಿಂದ ಒಬ್ಬಟ್ಟು ತಟ್ಟಲೂ ಆಗದು. ಬೆರಳುಗಳ ನಡುವೆ ಒತ್ತಿದರೆ ಬೇಳೆ ಹಿಟ್ಟಾಗಬೇಕು, ಪಾತ್ರೆಯಲ್ಲಿ ಮಾತ್ರ ಆಕಾರ ಉಳಿಸಿಕೊಂಡಿರಬೇಕು. ಬೇಳೆ ಹೊಸದೋ ಹಳೆಯದೋ ಎಂಬುದರ ಮೇಲೆ ಇದಕ್ಕೆ 30ರಿಂದ 40 ನಿಮಿಷ ಬೇಕು.

ಇಲ್ಲಿ ನನ್ನ ಎರಡನೆಯ ತಪ್ಪನ್ನು ಹೇಳಿಬಿಡುತ್ತೇನೆ. ಆ ಪತ್ರ ಬಂದ ಮೇಲಿನ ಭಾನುವಾರ ನಾನೇ ಈ ಸಾರು ಮಾಡಲು ಹೊರಟೆ. ಕೊನೆಗೆ ಎಲ್ಲವೂ ಒಂದೇ ಪಾತ್ರೆಗೆ ಸೇರುವುದು ತಾನೆ ಎಂದು ಹುಣಸೆರಸವನ್ನು ಮೊದಲೇ ಬೇಳೆಯ ಜೊತೆ ಹಾಕಿಬಿಟ್ಟೆ. ಒಂದು ಗಂಟೆ ಕುದಿಸಿದರೂ ಬೇಳೆ ಕಲ್ಲಿನಂತೆ ಕುಳಿತಿತ್ತು. ಬೇಳೆ ಸರಿಯಿಲ್ಲವೆಂದು ಅಂಗಡಿಯವರನ್ನು ಬೈದೆ. ತಪ್ಪು ಬೇಳೆಯದಲ್ಲ, ನನ್ನದು.

ಬೇಳೆ ಬೇಯುವುದು ಎಂದರೆ ಏನು ಎಂದು ಯೋಚಿಸಿ. ಬೇಳೆಯ ಜೀವಕೋಶಗಳು ಗೋಡೆಯ ಇಟ್ಟಿಗೆಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಇಟ್ಟಿಗೆಗಳ ನಡುವಿನ ಗಾರೆಯಂತೆ ಕೆಲಸ ಮಾಡುವುದು ಪೆಕ್ಟಿನ್ ಎಂಬ ಪದಾರ್ಥ. ಬಿಸಿನೀರಿನಲ್ಲಿ ಪೆಕ್ಟಿನ್ ನಿಧಾನವಾಗಿ ತುಂಡಾಗಿ ಕರಗುತ್ತದೆ. ಕೋಶಗಳು ಬಿಡಿಬಿಡಿಯಾಗುತ್ತವೆ, ಒಳಗಿನ ಪಿಷ್ಟ ನೀರು ಹೀರಿ ಉಬ್ಬುತ್ತದೆ. ಆಗ ಬೇಳೆ ಬೆಂದಿತು ಎನ್ನುತ್ತೇವೆ. ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ ಪೆಕ್ಟಿನ್ ತುಂಡಾಗುವುದನ್ನು ತಡೆಯುತ್ತದೆ. ಗಾರೆ ಕರಗುವುದಿಲ್ಲ, ಗೋಡೆ ಬೀಳುವುದಿಲ್ಲ. ಬೆಲ್ಲವೂ ಬೇಳೆ ಮೆತ್ತಗಾಗುವುದನ್ನು ನಿಧಾನಗೊಳಿಸುತ್ತದೆ. ಬೇಳೆ ಪೂರ್ತಿ ಬೆಂದ ಮೇಲೆಯೇ ಬೆಲ್ಲ ಹಾಕಬೇಕೆಂದು ಮನೆಯಲ್ಲಿ ಗದರಿಸಿ ಹೇಳುವುದು ಇದಕ್ಕಾಗಿ.

ಕೊಳವೆಬಾವಿಯ ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬ ದೂರನ್ನೂ ನೀವು ಕೇಳಿರಬಹುದು. ಆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಪೆಕ್ಟಿನ್ ಸರಪಳಿಗಳನ್ನು ಒಂದಕ್ಕೊಂದು ಬಿಗಿದು ಗಾರೆಯನ್ನು ಇನ್ನೂ ಗಟ್ಟಿ ಮಾಡುತ್ತವೆ. ಕೆಲವರು ಅಡುಗೆ ಸೋಡ ಹಾಕಿ ಬೇಯಿಸುತ್ತಾರೆ. ಬೇಳೆ ಬೇಗ ಕರಗುತ್ತದೆ. ಆದರೆ ಸೋಡದ ಕ್ಷಾರಗುಣ ಥಯಮಿನ್ ಜೀವಸತ್ವವನ್ನು ನಾಶ ಮಾಡುತ್ತದೆ. ಕಟ್ಟನ್ನು ಉಳಿಸಿಕೊಂಡು ಅದರ ಸತ್ವವನ್ನು ಕಳೆದುಕೊಂಡರೆ ಏನು ಪ್ರಯೋಜನ? ಮೂರು ಸಣ್ಣ ಪಾತ್ರೆಗಳಲ್ಲಿ ಸಮನಾದ ಬೇಳೆ, ಸಮನಾದ ನೀರು ಹಾಕಿ. ಒಂದರಲ್ಲಿ ಬರಿಯ ನೀರು, ಇನ್ನೊಂದರಲ್ಲಿ ಹುಣಸೆರಸ, ಮೂರನೆಯದರಲ್ಲಿ ಚಿಟಿಕೆ ಸೋಡ. ಸಮನಾದ ಉರಿಯಲ್ಲಿಟ್ಟು, ಹತ್ತು ಹತ್ತು ನಿಮಿಷಕ್ಕೆ ಒಂದೊಂದು ಕಾಳು ತೆಗೆದು ಒತ್ತಿ ನೋಡಿ. ಪುಸ್ತಕದ ಒಂದು ಅಧ್ಯಾಯ ನಿಮ್ಮ ಬೆರಳ ತುದಿಗೆ ಬರುತ್ತದೆ.

ಬೇಳೆ ಬೆಂದಿತು. ಈಗ ಬಸಿಯಿರಿ, ತೊಟ್ಟಿಯ ಮೇಲಲ್ಲ, ಇನ್ನೊಂದು ಪಾತ್ರೆಯ ಮೇಲೆ. ಸುಮಾರು 3 ಲೋಟ ಕಟ್ಟು ಸಿಗಬೇಕು. ಕಡಿಮೆಯಾದರೆ ಬಿಸಿನೀರು ಸೇರಿಸಿಕೊಳ್ಳಿ. ಬಸಿದ ಬೇಳೆಗೆ ಸಮತೂಕದ ಬೆಲ್ಲ, ಏಲಕ್ಕಿ ಹಾಕಿ ಗಟ್ಟಿಯಾಗುವವರೆಗೆ ಕುದಿಸಿ ನುಣ್ಣಗೆ ರುಬ್ಬಿದರೆ ಹೂರಣ ಸಿದ್ಧ. ಅದರಲ್ಲಿ ಎರಡು ದೊಡ್ಡ ಚಮಚ ಸಾರಿಗೆ ತೆಗೆದಿಟ್ಟು ಉಳಿದದ್ದನ್ನು ಒಬ್ಬಟ್ಟು ತಟ್ಟುವವರಿಗೆ ಒಪ್ಪಿಸಿ. ರುಬ್ಬುವ ಕಲ್ಲಿಗೋ ಮಿಕ್ಸಿಗೋ ಅಂಟಿದ ಹೂರಣವನ್ನು ತೊಳೆಯಬೇಡಿ. ಅದೇ ಪಾತ್ರೆಯಲ್ಲಿ ಮಸಾಲೆ ರುಬ್ಬಿದರೆ ಅದೂ ಸಾರಿಗೆ ಸೇರುತ್ತದೆ.

ಮಸಾಲೆಯ ಕಾಳುಗಳನ್ನು ಒಂದು ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೊದಲು ಧನಿಯ, ಮೆಂತ್ಯ, ಆಮೇಲೆ ಜೀರಿಗೆ, ಮೆಣಸು, ಚಕ್ಕೆ, ಲವಂಗ, ಕೊನೆಗೆ ಮೆಣಸಿನಕಾಯಿ. ಬಿಸಿಗೆ ಕಾಳುಗಳೊಳಗಿನ ಸುಗಂಧ ತೈಲಗಳು ಸಡಿಲಗೊಳ್ಳುತ್ತವೆ, ಹುರಿದ ಹೊಸ ಪರಿಮಳಗಳೂ ಹುಟ್ಟುತ್ತವೆ. ಉರಿ ಹೆಚ್ಚಾದರೆ ತೈಲಗಳು ಆವಿಯಾಗಿ ಹಾರಿಹೋಗುತ್ತವೆ. ಮನೆಯೆಲ್ಲ ಘಮಘಮ, ಸಾರು ಮಾತ್ರ ಸಪ್ಪೆ! ಮೆಂತ್ಯ ಸೀದರೆ ಕಹಿ, ಎಚ್ಚರ. ಹುರಿದದ್ದನ್ನು ತೆಂಗಿನ ತುರಿ ಮತ್ತು ತೆಗೆದಿಟ್ಟ ಹೂರಣದ ಜೊತೆ ನುಣ್ಣಗೆ ರುಬ್ಬಿ.

ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿಯನ್ನು ಏಕೆ ಹೇಳಿದೆ? ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಬಣ್ಣ ಕೊಡುವ ಕ್ಯಾಪ್ಸಾಂತಿನ್, ಖಾರ ಕೊಡುವ ಕ್ಯಾಪ್ಸೈಸಿನ್ ಎರಡೂ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು, ಜಿಡ್ಡಿನಲ್ಲಿ ಕರಗುತ್ತವೆ. ಇಲ್ಲಿ ತುಪ್ಪ ಮತ್ತು ತೆಂಗಿನಕಾಯಿಯ ಜಿಡ್ಡು ಅವನ್ನು ಹೊತ್ತುಕೊಂಡು ಸಾರಿನ ತುಂಬ ಹರಡುತ್ತವೆ. ಖಾರ ಹತ್ತಿದಾಗ ನೀರು ಕುಡಿದರೆ ಶಮನವಾಗದೆ ಮಜ್ಜಿಗೆ ಕುಡಿದರೆ ಶಮನವಾಗುವುದೂ ಹೀಗೆಯೇ; ಹಾಲಿನ ಪ್ರೋಟೀನು ಮತ್ತು ಜಿಡ್ಡು ಕ್ಯಾಪ್ಸೈಸಿನ್ನನ್ನು ಹಿಡಿದುಕೊಳ್ಳುತ್ತವೆ. ಅಂದಹಾಗೆ, ಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರು ಬಂದ ಮೇಲೆ ನಮಗೆ ದೊರೆತದ್ದು. ಅದಕ್ಕೆ ಮುಂಚೆ ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದುದರಲ್ಲಿ ಕಾಳುಮೆಣಸು ಮುಖ್ಯವಾದದ್ದು. ಈ ಸಾರಿನಲ್ಲಿ ಎರಡೂ ಒಟ್ಟಿಗೆ ಇವೆ.

ಹುಣಸೆರಸಕ್ಕೆ ಉಪ್ಪು, ಅರಿಸಿನ ಹಾಕಿ ಹಸಿ ವಾಸನೆ ಹೋಗುವವರೆಗೆ ಐದು ನಿಮಿಷ ಕುದಿಸಿ. ಪಾತ್ರೆ ಸ್ಟೀಲಿನದಾಗಿರಲಿ, ಇಲ್ಲವೆ ಮಣ್ಣಿನದು. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ ಕುದಿಸಬಾರದು. ಆಮ್ಲಕ್ಕೆ ತಾಮ್ರ ಕರಗಿ ಸಾರು ಕಿಲುಬಾಗುತ್ತದೆ, ಅದು ವಿಷ. ಕಲಾಯಿ ಎಂದರೆ ತವರದ ತೆಳು ಲೇಪ. ಊರೂರು ಸುತ್ತಿ ಕಲಾಯಿ ಹಾಕುತ್ತಿದ್ದವರು ನಮ್ಮ ಹಿರಿಯರ ಆರೋಗ್ಯವನ್ನು ಕಾಯುತ್ತಿದ್ದರು. ಈಗ ರುಬ್ಬಿದ ಮಸಾಲೆ, ಕಟ್ಟು ಎರಡನ್ನೂ ಸೇರಿಸಿ, ಹತ್ತು ನಿಮಿಷ ಹದವಾಗಿ ಕುದಿಸಿ. ಬರಿಯ ನೀರಿಗೆ ಮಸಾಲೆ ಹಾಕಿದ್ದರೆ ಅದು ತಳಕ್ಕೆ ಕೂರುತ್ತಿತ್ತು, ಜಿಡ್ಡು ಮೇಲೆ ತೇಲುತ್ತಿತ್ತು. ಕಟ್ಟಿನ ಪಿಷ್ಟ ಮತ್ತು ಪ್ರೋಟೀನು ಎರಡನ್ನೂ ಹಿಡಿದು ನಿಲ್ಲಿಸಿ ಸಾರಿಗೆ ಮೈ ಕೊಡುತ್ತವೆ. ಬೇರೆ ಸಾರುಗಳಲ್ಲಿಲ್ಲದ ರುಚಿ ಇದಕ್ಕೆ ಬರುವುದು ಇದರಿಂದಲೇ.

ಕೊನೆಗೆ ಒಗ್ಗರಣೆ. ಬಿಸಿ ತುಪ್ಪಕ್ಕೆ ಸಾಸಿವೆ ಹಾಕಿ. ಕಾಳಿನೊಳಗಿನ ತೇವ ಹಬೆಯಾಗಿ ಸಿಪ್ಪೆಯನ್ನು ಸಿಡಿಸುತ್ತದೆ. ಅದೇ ಚಟಪಟ ಸದ್ದು. ಸದ್ದು ನಿಲ್ಲುವ ಹೊತ್ತಿಗೆ ಇಂಗು, ಕರಿಬೇವು ಹಾಕಿ ಸಾರಿಗೆ ಸುರಿದು ತಕ್ಷಣ ಮುಚ್ಚಿ. ಹಾರಿಹೋಗಬೇಕೆಂದಿದ್ದ ಪರಿಮಳ ಸಾರಿಗೆ ಮರಳುತ್ತದೆ.

ಈಗ ರುಚಿ ನೋಡಿ. ಹುಳಿ, ಖಾರ, ಉಪ್ಪು, ಸಿಹಿ ನಾಲ್ಕೂ ಇವೆ. ಯಾವುದೂ ಮೇಲುಗೈ ಸಾಧಿಸುವುದಿಲ್ಲ. ಹೂರಣದ ಬೆಲ್ಲ ಹುಳಿಯನ್ನು ಕಡಿಮೆ ಮಾಡಿತು ಎನ್ನುತ್ತೇವೆ. ನಿಜವೇ? ಎರಡು ಬಟ್ಟಲುಗಳಲ್ಲಿ ಒಂದೇ ಹುಣಸೆನೀರು ಇಟ್ಟು, ಒಂದಕ್ಕೆ ಮಾತ್ರ ಸಕ್ಕರೆ ಕರಗಿಸಿ. ನಾಲಗೆಗೆ ಅದು ಕಡಿಮೆ ಹುಳಿ. ಈಗ ಎರಡಕ್ಕೂ ನೀಲಿ ಲಿಟ್ಮಸ್ ಕಾಗದ ಅದ್ದಿ. ಎರಡೂ ಒಂದೇ ರೀತಿ ಕೆಂಪಾಗುತ್ತವೆ. ಸಿಹಿ ಆಮ್ಲವನ್ನು ಕಳೆಯಲಿಲ್ಲ, ಆಮ್ಲದ ಅನುಭವವನ್ನು ಮಾತ್ರ ಮರೆಸಿತು. ಅಳತೆಗೂ ಅನುಭವಕ್ಕೂ ಇರುವ ಈ ವ್ಯತ್ಯಾಸವನ್ನು ವಿಜ್ಞಾನದ ವಿದ್ಯಾರ್ಥಿಗಳು ಮರೆಯಬಾರದು.

ಈ ಸಾರು ಮರುದಿನ ಇನ್ನೂ ರುಚಿ ಎಂಬ ಮಾತಿದೆ. ಒಂದು ರಾತ್ರಿ ನಿಂತಾಗ ಮಸಾಲೆಯ ಸತ್ವ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಆದರೆ ಪಿಷ್ಟ, ಪ್ರೋಟೀನು, ಬೆಲ್ಲ ಇರುವ ಈ ದ್ರವ ನಮಗಷ್ಟೇ ಅಲ್ಲ, ಬ್ಯಾಕ್ಟೀರಿಯಗಳಿಗೂ ಹಬ್ಬ. ಯುಗಾದಿ ಬರುವುದು ಬೇಸಿಗೆಯಲ್ಲಿ. ಆದ್ದರಿಂದ ಉಳಿದ ಸಾರನ್ನು ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ, ಬಡಿಸುವ ಮುಂಚೆ ಚೆನ್ನಾಗಿ ಕುದಿಸಿ. ಹಳಸಿದ ಸಾರನ್ನು ಕುದಿಸಿ ಸರಿಮಾಡಬಹುದೆಂದು ತಿಳಿಯಬೇಡಿ. ಕೆಲವು ಬ್ಯಾಕ್ಟೀರಿಯಗಳು ಬಿಟ್ಟುಹೋಗುವ ವಿಷ ಕುದಿತಕ್ಕೆ ಹೋಗುವುದಿಲ್ಲ.

ಮಿತ್ರರೆ, ನಾನು ಕೊಟ್ಟ ಅಳತೆಗಳು ಒಂದು ಮನೆಯವು. ನಿಮ್ಮ ಮನೆಯ ಸಾರು ಬೇರೆ ಇರಬಹುದು. ಅದನ್ನು ಬಲ್ಲವರು ಕಣ್ಣಳತೆಯಲ್ಲಿ, ಕೈಯಳತೆಯಲ್ಲಿ ಮಾಡುತ್ತಾರೆ. ಎಷ್ಟು ಧನಿಯ ಎಂದು ಕೇಳಿದರೆ ಇಷ್ಟು ಎಂದು ಅಂಗೈ ತೋರಿಸುತ್ತಾರೆ. ಆ 'ಇಷ್ಟು' ಯಾವ ಪುಸ್ತಕದಲ್ಲೂ ಇಲ್ಲ. ಮುಂದಿನ ಹಬ್ಬಕ್ಕೆ ಒಂದು ಸಣ್ಣ ತಕ್ಕಡಿ, ಒಂದು ನೋಟುಪುಸ್ತಕ ಹಿಡಿದು ಅಡುಗೆಮನೆಗೆ ಹೋಗಿ. ಅಜ್ಜಿಯೋ, ಅಮ್ಮನೋ, ಅಡುಗೆ ಬಲ್ಲ ಚಿಕ್ಕಪ್ಪನೋ, ಯಾರೇ ಆಗಲಿ, ಅವರು ಅಂಗೈಯಲ್ಲಿ ತೆಗೆದುಕೊಂಡದ್ದನ್ನು ತೂಗಿ ಬರೆದುಕೊಳ್ಳಿ. ಅವರು ಏನಾದರೊಂದನ್ನು ಚೆಲ್ಲದೆ ಎತ್ತಿಟ್ಟರೆ ಏಕೆಂದು ಕೇಳಿ. ಬರಿಯ ನೋಡುಗರಾಗಿ ನಿಲ್ಲಬೇಡಿ, ಬೇಳೆ ತೊಳೆಯುವುದರಿಂದ ಪಾತ್ರೆ ಬೆಳಗುವವರೆಗೆ ಕೈ ಜೋಡಿಸಿ. ಹುಡುಗರೂ ಸಹ, ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಆ ವಿದ್ಯಾರ್ಥಿನಿಗೆ ನಾನು ಉತ್ತರ ಬರೆದೆ. ತಪ್ಪು ನನ್ನದು, ಅಜ್ಜಿಯದೇ ಸರಿ ಎಂದು ಬರೆದೆ. ಜೊತೆಗೆ, ತೆರೆಯ ಮೇಲೆ ಕಂಡದ್ದನ್ನೂ ನಿಮ್ಮ ಮನೆಯ ಬೇಳೆಯಂತೆಯೇ ಒತ್ತಿ ನೋಡಿ ತೆಗೆದುಕೊಳ್ಳಿ ಎಂದೂ ಬರೆದೆ. ನಿಮಗೂ ನನ್ನ ಮಾತು ಅದೇ. ಈ ಭಾಷಣವೂ ಅದಕ್ಕೆ ಹೊರತಲ್ಲ.